ಬಿರುಕು ಬಿಟ್ಟ ಬೀಡಿನ ಸಿಲಿಂಡರಿಗೆ ವೆಲ್ಡಿಂಗ್ ನಿಲ್ಲುತ್ತದೆಯೇ?

ಪ್ರಶ್ನೆ: ಹೊಸನಗರದ ಬೆಳೆಗಾರ

ಮಾನ್ಯರೇ,

ನಮ್ಮ ತೋಟದಲ್ಲಿ ಒಂದೇ ಸಿಲಿಂಡರಿನ, 6 ಎಚ್.ಪಿ.ಯ ಹಳೆಯ ಡೀಸೆಲ್ ಎಂಜಿನ್ ಇದೆ. ಇಂಗ್ಲೆಂಡಿನ ಲಿಸ್ಟರ್ ಎಂಜಿನ್ನಿನ ಮಾದರಿಯಲ್ಲಿ ರಾಜ್‌ಕೋಟ್‌ನಲ್ಲಿ ತಯಾರಾದ, ನಿಮಿಷಕ್ಕೆ 650 ಸುತ್ತು ತಿರುಗುವ ಎಂಜಿನ್ ಇದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗಲೂ, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರಕ್ಕೂ ನಾವು ನಂಬಿರುವುದು ಇದನ್ನೇ.

ಕಳೆದ ಕೊಯ್ಲಿನಲ್ಲಿ ನೀರಿನ ಡ್ರಮ್ಮಿನಿಂದ ಬರುವ ಕೊಳವೆಯಲ್ಲಿ ಕೆಸರು ಕಟ್ಟಿಕೊಂಡು, ನೀರು ಹರಿಯದೆ ಎಂಜಿನ್ ವಿಪರೀತ ಕಾಯಿತು. ನಡೆಸುತ್ತಿದ್ದವರು ಗಾಬರಿಯಲ್ಲಿ ಕಾದ ಸಿಲಿಂಡರಿನ ಮೇಲೆ ತಣ್ಣೀರು ಸುರಿದರು. ಸಿಲಿಂಡರಿನ ಸುತ್ತ ತಂಪು ನೀರು ಹರಿಯುವ ವಾಟರ್ ಜಾಕೆಟ್ಟಿನ ಹೊರಗೋಡೆ ಸುಮಾರು 100 ಮಿ.ಮೀ. ಉದ್ದಕ್ಕೆ ಸೀಳಿದೆ. ಇದಲ್ಲದೆ ಕ್ರ್ಯಾಂಕ್ ಕೇಸಿನ ನಾಲ್ಕು ಪಾದಗಳಲ್ಲಿ ಒಂದು, ಫೌಂಡೇಶನ್ ಬೋಲ್ಟಿನ ತೂತಿನ ಬಳಿ ಮೊದಲೇ ಮುರಿದಿತ್ತು.

ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಜಾಕೆಟ್ಟಿನ ಸೀಳಿಗೆ ಗೇಟು, ಗ್ರಿಲ್ಲುಗಳಿಗೆ ಬಳಸುವ ಸಾಮಾನ್ಯ ರಾಡಿನಿಂದಲೇ ವೆಲ್ಡಿಂಗ್ ಮಾಡಿಸಿದೆವು. ನೋಡಲು ವೆಲ್ಡಿಂಗ್ ಚೆನ್ನಾಗಿಯೇ ಬಂದಿತ್ತು. ಆದರೆ ತಣ್ಣಗಾಗುವ ಹೊತ್ತಿಗೆ ಟಿಣ್ ಎಂಬ ಸದ್ದು ಕೇಳಿಸಿತು, ಹಾಕಿದ ವೆಲ್ಡಿನ ಅಂಚನ್ನೇ ಹಿಡಿದು ಕೂದಲೆಳೆಯಂತಹ ಹೊಸ ಬಿರುಕು ಕಾಣಿಸಿಕೊಂಡಿತು. ಅದರ ತುದಿಗೆ ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್ ಕಚ್ಚಲೇ ಇಲ್ಲ, ಗಾಜಿನ ಮೇಲಿಟ್ಟಂತೆ ಜಾರಿತು.

ವೆಲ್ಡ್ ಗಟ್ಟಿಯಾಗಿಯೇ ಇದ್ದು ಪಕ್ಕದ ಬೀಡು (ಎರಕದ ಕಬ್ಬಿಣ) ಏಕೆ ಸೀಳಿತು? ನಿಕ್ಕಲ್ ರಾಡಿನಿಂದ ಮಾಡಿಸಿದರೆ ನಿಲ್ಲುತ್ತದೆಯೇ, ಅಥವಾ ಗ್ಯಾಸಿನಲ್ಲಿ ಹಿತ್ತಾಳೆ ಹಾಕಿಸಬೇಕೇ? ಬೋರ್ (ಪಿಸ್ಟನ್ ಓಡಾಡುವ ಒಳಮೈ) ಮತ್ತು ಪಿಸ್ಟನ್ ಒಳ್ಳೆಯ ಸ್ಥಿತಿಯಲ್ಲಿರುವುದರಿಂದ ಸಿಲಿಂಡರನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಕೆಲಸ ಬಲ್ಲವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಲೇಥ್ ಕೆಲಸ, ಶಿವಮೊಗ್ಗ

ನೀವು ವಿವರಿಸಿರುವ ಎರಡೂ ಲಕ್ಷಣಗಳು, ಅಂದರೆ ಅಂಚಿನಲ್ಲಿ ಸೀಳಿರುವುದು ಮತ್ತು ಡ್ರಿಲ್ ಜಾರಿರುವುದು, ಬೀಡಿಗೆ ಉಕ್ಕಿನ ರಾಡ್ ಹಾಕಿದಾಗ ಸಾಮಾನ್ಯವಾಗಿ ಕಾಣುವಂಥವು. ಬೀಡಿನಲ್ಲಿ ನೂರಕ್ಕೆ ಮೂರರ ಆಸುಪಾಸಿನಲ್ಲಿ ಇಂಗಾಲ ಇರುತ್ತದೆ, ಸಾಮಾನ್ಯ ರಾಡಿನ ಉಕ್ಕಿನಲ್ಲಿ ನೂರಕ್ಕೆ 0.1ರಷ್ಟೂ ಇರುವುದು ಕಷ್ಟ. ಆರ್ಕಿನ ಬಿಸಿಗೆ ಎರಡೂ ಕರಗಿ ಬೆರೆತಾಗ ಬೀಡಿನ ಇಂಗಾಲ ವೆಲ್ಡಿನೊಳಗೆ ಸೇರಿಕೊಳ್ಳುತ್ತದೆ. ಸುತ್ತಲಿನ ದಪ್ಪ ಎರಕ ಆ ಬಿಸಿಯನ್ನು ಕ್ಷಣಾರ್ಧದಲ್ಲಿ ಹೀರಿಕೊಳ್ಳುವುದರಿಂದ, ಹದ ಹಾಕಿದ ಉಳಿಯಷ್ಟೇ ಗಡುಸಾದ, ಆದರೆ ಸ್ವಲ್ಪವೂ ಮಣಿಯದ ಪದರವೊಂದು ಅಲ್ಲಿ ಉಳಿಯುತ್ತದೆ. ನಿಮ್ಮ ಡ್ರಿಲ್ ಬಿಟ್ ಜಾರಿದ್ದು ಅದರ ಮೇಲೆಯೇ.

ಇನ್ನು ಸೀಳಿನ ವಿಚಾರ. ಬೀಡು 100 ಮಿ.ಮೀ. ಉದ್ದಕ್ಕೆ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಕಳೆದುಕೊಂಡರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಕುಗ್ಗುತ್ತದೆ. ಕುಗ್ಗಲು ಬಯಸುವ ವೆಲ್ಡಿಗೆ ಸುತ್ತಲಿನ ತಣ್ಣನೆಯ ಗೋಡೆ ದಾರಿ ಕೊಡುವುದಿಲ್ಲ. ಉಕ್ಕಿನ ತಗಡಾಗಿದ್ದರೆ ಸ್ವಲ್ಪ ಎಳೆದುಕೊಂಡು ಸುಮ್ಮನಾಗುತ್ತಿತ್ತು, ಬೀಡಿಗೆ ಎಳೆತ ತಾಳುವ ಗುಣವಿಲ್ಲ. ಅತ್ಯಂತ ದುರ್ಬಲವಾದ ಜಾಗ ಮೊದಲು ಬಿಡುತ್ತದೆ, ಆ ಜಾಗ ವೆಲ್ಡಿಗೆ ತಾಗಿರುವ ಆ ಗಡುಸು ಪದರ. ಆದ್ದರಿಂದ ಇಲ್ಲಿ ಚಿಂತಿಸಬೇಕಾದದ್ದು ವೆಲ್ಡಿನ ಬಲವನ್ನು ಕುರಿತಲ್ಲ, ಪಕ್ಕದ ಬೀಡಿಗೆ ಎಷ್ಟು ಬಿಸಿ ಹೋಗುತ್ತದೆ ಮತ್ತು ಅದು ಹೇಗೆ ತಣಿಯುತ್ತದೆ ಎಂಬುದನ್ನು ಕುರಿತು.

ನಿಕ್ಕಲ್ ರಾಡಿನಿಂದ ಮಾಡಿಸುವುದಾದರೆ ಮೊದಲು ಹಳೆಯ ವೆಲ್ಡನ್ನು ಒಂದಿಷ್ಟೂ ಉಳಿಯದಂತೆ ಗ್ರೈಂಡರಿನಿಂದ ತೆಗೆಯಬೇಕು. ಅದು ಪೂರ್ತಿ ಹೋಯಿತೇ ಎಂಬುದನ್ನು ಕಿಡಿ ನೋಡಿ ತಿಳಿಯಬಹುದು. ಉಕ್ಕನ್ನು ಉಜ್ಜುವಾಗ ಕಿಡಿ ಉದ್ದವಾಗಿ, ಬೆಳ್ಳಗೆ ಹೊಳೆಯುತ್ತಾ ದೂರ ಹಾರುತ್ತದೆ. ಬೀಡು ಸಿಕ್ಕಿದ ಕೂಡಲೇ ಅದು ಮಂಕಾಗಿ, ಕೆಂಪಗೆ, ಕಲ್ಲಿನ ಬುಡದಲ್ಲಿಯೇ ಸತ್ತುಹೋಗುತ್ತದೆ. ಕಿಡಿಯ ಬಣ್ಣ ಬದಲಾದ ಮೇಲೂ ಒಂದೆರಡು ಮಿ.ಮೀ. ಒಳಗೆ ಹೋಗುವುದು ಒಳ್ಳೆಯದು, ಗಡುಸಾದ ಪದರ ಅಲ್ಲಿಯೇ ಇರುತ್ತದೆ.

ಅನಂತರ ಬಿರುಕಿನ ನಿಜವಾದ ತುದಿಯನ್ನು ಹುಡುಕಬೇಕು. ಕಣ್ಣಿಗೆ ಕಾಣುವ ತುದಿ ನಿಜವಾದ ತುದಿಯಾಗಿರುವುದು ಅಪರೂಪ. ಜಾಗವನ್ನು ಒರೆಸಿ ಸೀಮೆಎಣ್ಣೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ಒಣಗಿಸಿ, ಮೇಲೆ ಸೀಮೆಸುಣ್ಣವನ್ನು ಉಜ್ಜಿದರೆ ಬಿರುಕಿನೊಳಗಿನ ಎಣ್ಣೆ ಹೊರಬಂದು ಕಪ್ಪು ಗೆರೆ ಮೂಡುತ್ತದೆ. ಕೆಂಪು ಬಣ್ಣ ಮತ್ತು ಬಿಳಿ ಡೆವಲಪರ್ ಇರುವ ಸ್ಪ್ರೇ ಡಬ್ಬಿಗಳು ಸಿಕ್ಕರೆ ಇನ್ನೂ ನಿಖರವಾಗಿ ಕಾಣುತ್ತದೆ. ಗೆರೆ ಮುಗಿಯುವ ಜಾಗದಿಂದ ಸ್ವಲ್ಪ ಆಚೆಗೆ 3 ಮಿ.ಮೀ. ತೂತು ಕೊರೆದರೆ ಬಿರುಕು ಮುಂದೆ ಓಡುವುದಿಲ್ಲ.

ಬಿರುಕಿನ ಉದ್ದಕ್ಕೂ ವಿ ಆಕಾರದ ತೋಡು ತೆಗೆಯುವಾಗ ಕೊನೆಯ ಕೈಯನ್ನು ಅರದಿಂದ ಮಾಡಿ. ಗ್ರೈಂಡರಿನ ಕಲ್ಲು ಬೀಡಿನೊಳಗಿನ ಗ್ರಾಫೈಟನ್ನು ಮೇಲ್ಮೈಗೆ ಬಳಿದುಬಿಡುವುದರಿಂದ ಲೋಹ ಸರಿಯಾಗಿ ಹಿಡಿಯುವುದಿಲ್ಲ. ಹಳೆಯ ಎಂಜಿನ್ನಿನ ಬೀಡು ಎಣ್ಣೆ ಕುಡಿದಿರುತ್ತದೆ. ಗ್ಯಾಸಿನ ಮೆದು ಜ್ವಾಲೆಯನ್ನು ಅಗಲವಾಗಿ ಆಡಿಸಿ, ಹೊಗೆ ನಿಲ್ಲುವವರೆಗೆ ನಿಧಾನವಾಗಿ ಕಾಯಿಸಿ ಆ ಎಣ್ಣೆಯನ್ನು ಸುಟ್ಟು, ಮತ್ತೆ ತಣಿಯಲು ಬಿಡಬೇಕು.

ನಿಕ್ಕಲ್ ರಾಡಿನಲ್ಲಿ ಎರಡು ಬಗೆಗಳಿವೆ. ಬಹುಪಾಲು ಶುದ್ಧ ನಿಕ್ಕಲ್ ಇರುವುದು ಒಂದು, ಸುಮಾರು 55 ಭಾಗ ನಿಕ್ಕಲ್ ಇದ್ದು ಉಳಿದದ್ದು ಹೆಚ್ಚಾಗಿ ಕಬ್ಬಿಣವಾಗಿರುವುದು ಇನ್ನೊಂದು. ಮೊದಲನೆಯದು ಮೆದು, ತೆಳುಗೋಡೆಗೂ ಅನಂತರ ಅರ ಹಾಕಬೇಕಾದ ಜಾಗಕ್ಕೂ ಒಪ್ಪುತ್ತದೆ. ಎರಡನೆಯದಕ್ಕೆ ಬಲ ಹೆಚ್ಚು, ದಪ್ಪ ಭಾಗಗಳಿಗೆ ಸರಿ. 2.5 ಮಿ.ಮೀ. ರಾಡನ್ನೇ ತೆಗೆದುಕೊಂಡು, 60ರಿಂದ 80 ಆಂಪ್ಸ್ ಒಳಗೆ, ಡಬ್ಬಿಯ ಮೇಲೆ ಹೇಳಿರುವ ಮಿತಿಯ ಕೆಳ ಅಂಚಿನಲ್ಲಿ ನಡೆಸಬೇಕು. ಒಮ್ಮೆಗೆ ಒಂದು ಇಂಚಿಗಿಂತ ಉದ್ದ ಎಳೆಯಬಾರದು. ಆರ್ಕ್ ಬಿಟ್ಟ ತಕ್ಷಣ, ವೆಲ್ಡ್ ಇನ್ನೂ ಬಿಸಿಯಿರುವಾಗಲೇ, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಅದರ ಮೈಯೆಲ್ಲ ಹಗುರವಾಗಿ ತಟ್ಟಬೇಕು. ಕುಗ್ಗಲು ಹೊರಟ ಲೋಹವನ್ನು ಆ ಪೆಟ್ಟು ಹರಡುತ್ತದೆ, ಎಳೆತ ಅಷ್ಟರಮಟ್ಟಿಗೆ ತಗ್ಗುತ್ತದೆ. ಪಕ್ಕದ ಬೀಡಿನ ಮೇಲೆ ಅಂಗೈ ಇಟ್ಟು ತಡೆಯುವಷ್ಟು ತಣಿಯುವ ತನಕ ಮುಂದಿನ ಇಂಚಿಗೆ ಹೋಗಬಾರದು, ಹೋದಾಗಲೂ ಹಿಂದಿನದರ ಪಕ್ಕದಲ್ಲಿ ಅಲ್ಲ, ಬಿರುಕಿನ ಇನ್ನೊಂದು ಕಡೆಯಲ್ಲಿ ಹಾಕಬೇಕು. ಹೆಚ್ಚಿನ ಅಂಗಡಿಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ. ರಾಡ್ ದುಬಾರಿಯದೇ ತಂದಿರುತ್ತಾರೆ, ಆದರೆ ಕಾಯುವ ತಾಳ್ಮೆ ಇರುವುದಿಲ್ಲ.

ನಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ತೆರೆದಿಟ್ಟ ರಾಡಿನ ಮೇಲ್ಪದರ ತೇವ ಎಳೆದುಕೊಂಡು ವೆಲ್ಡಿನಲ್ಲಿ ಸೂಜಿತೂತುಗಳು ಬೀಳುತ್ತವೆ. ರಾಡನ್ನು ತಯಾರಕರು ಹೇಳಿರುವಂತೆ ಒಲೆಯಲ್ಲಿ ಒಣಗಿಸಿಯೇ ಬಳಸಬೇಕು.

ಕೊನೆಯದಾಗಿ, ಕೆಲಸಕ್ಕೆ ಮುಂಚೆ ಮತ್ತು ಅನಂತರ ಬೋರನ್ನು ಡಯಲ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಎರಡೆರಡು ದಿಕ್ಕಿನಲ್ಲಿ ಅಳೆಸಿ ಬರೆದಿಡಿ. ಹೊರಗೋಡೆಯ ಎಳೆತ ಬೋರಿನ ಗುಂಡುತನವನ್ನು ಕೆಡಿಸುವುದುಂಟು, ಅಳತೆಯಿಲ್ಲದಿದ್ದರೆ ಅದು ಗೊತ್ತಾಗುವುದು ಪಿಸ್ಟನ್ ಹಿಡಿದುಕೊಂಡಾಗ.

ಉತ್ತರ: ಗ್ಯಾಸ್ ವೆಲ್ಡಿಂಗ್, ತೀರ್ಥಹಳ್ಳಿ

ಶಿವಮೊಗ್ಗದವರು ಜಾಕೆಟ್ಟಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮುರಿದ ಪಾದಕ್ಕೆ ನನ್ನ ಸಲಹೆ ಬೇರೆ. ಪಾದ ದಪ್ಪವಾಗಿರುತ್ತದೆ, ಬೋರಿನಿಂದ ದೂರವಿರುತ್ತದೆ, ಪ್ರತಿ ಸುತ್ತಿಗೂ ನಡುಕ ತಿನ್ನುತ್ತದೆ. ಅಲ್ಲಿಗೆ ಆಕ್ಸಿ-ಅಸಿಟಿಲಿನ್ ಜ್ವಾಲೆಯಲ್ಲಿ ಹಿತ್ತಾಳೆ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯುವುದು) ಮಾಡಿಸುವುದು ಬಹಳ ಹಳೆಯ ಮತ್ತು ನಂಬಬಹುದಾದ ಕ್ರಮ.

ಹಿತ್ತಾಳೆ ಕಡ್ಡಿ 900 ಡಿಗ್ರಿಯ ಆಸುಪಾಸಿನಲ್ಲಿ ಹರಿಯುತ್ತದೆ. ಬೀಡು ಕರಗಲು 1150 ಡಿಗ್ರಿಗಿಂತ ಹೆಚ್ಚು ಬೇಕು. ಆದ್ದರಿಂದ ಬ್ರೇಜಿಂಗಿನಲ್ಲಿ ಬೀಡು ಕರಗುವುದೇ ಇಲ್ಲ, ಇಂಗಾಲ ಬೆರೆತು ಗಡುಸು ಪದರವಾಗುವ ಭಯ ಬಹುಪಾಲು ತಪ್ಪುತ್ತದೆ. ಹಿತ್ತಾಳೆ ಮೆದುವಾದ್ದರಿಂದ ತಣಿಯುವಾಗಿನ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಬೀಡಿನ ಮೈ ಮೇಲೆ ಗ್ರಾಫೈಟ್ ಉಳಿದರೆ ಮಾತ್ರ ಅದು ಹರಡದೆ ಗೋಲಿಯಾಗಿ ಉರುಳುತ್ತದೆ. ಅದಕ್ಕಾಗಿ ಮೊದಲು ಆಕ್ಸಿಜನ್ ಸ್ವಲ್ಪ ಹೆಚ್ಚಿರುವ ಜ್ವಾಲೆಯಿಂದ ಮೈಯನ್ನು ಸುಟ್ಟು, ಬ್ರಶ್ ಹಾಕಿ, ಬಿಳಿಗಾರವಿರುವ ಫ್ಲಕ್ಸ್ ಉದುರಿಸಿ, ತೆಳುವಾದ ಒಂದು ಪದರವನ್ನು ಎರಡೂ ಮುಖಗಳಿಗೆ ಹಿಡಿಸಿಕೊಂಡ ಮೇಲೆಯೇ ತುಂಬುತ್ತಾ ಹೋಗಬೇಕು.

ಕಾಯಿಸುವುದು ಮುರಿದ ಜಾಗವನ್ನಷ್ಟೇ ಅಲ್ಲ, ಸುತ್ತಲಿನ ಒಂದು ಗೇಣನ್ನೂ ಸೇರಿಸಿ. ಮುಗಿದ ಮೇಲೆ ಗಾಳಿಗೆ ಬಿಡದೆ, ಒಣಗಿದ ಭತ್ತದ ಹೊಟ್ಟಿನ ಬೂದಿಯಲ್ಲಿ ಹೂತು ಮರುದಿನ ತೆಗೆಯಬೇಕು. ಸುಣ್ಣದ ಪುಡಿಯೂ ಆಗುತ್ತದೆ. ಆದರೆ ನಮ್ಮ ರೈಸ್ ಮಿಲ್ಲುಗಳ ಬೂದಿಗಿಂತ ಚೆನ್ನಾಗಿ ಬಿಸಿ ಹಿಡಿದಿಡುವ ವಸ್ತು ಇಷ್ಟು ಸುಲಭವಾಗಿ ಬೇರೆ ಸಿಗುವುದಿಲ್ಲ. ಹಿತ್ತಾಳೆಯ ಸತುವಿನಿಂದ ಬೆಳ್ಳಗಿನ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಹಾಗಾಗಿ ಬಯಲಿನಲ್ಲಿಯೇ ಮಾಡಬೇಕು. ಸೈಲೆನ್ಸರಿಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಈ ವಿಧಾನ ಬೇಡ. ಅಲ್ಲಿನ ಬಿಸಿಯಲ್ಲಿ ಹಿತ್ತಾಳೆ ಬಲ ಕಳೆದುಕೊಳ್ಳುತ್ತದೆ. ಒಮ್ಮೆ ಹಿತ್ತಾಳೆ ಹಾಕಿದ ಜಾಗಕ್ಕೆ ಮುಂದೆ ಆರ್ಕ್ ವೆಲ್ಡಿಂಗ್ ಮಾಡಬೇಕೆಂದರೆ ಅಷ್ಟನ್ನೂ ಕೆರೆದು ತೆಗೆಯಬೇಕಾಗುತ್ತದೆ ಎಂಬುದೂ ನೆನಪಿರಲಿ.

ಉತ್ತರ: ಎರಕದ ಕೆಲಸ (ನಿವೃತ್ತ), ಭದ್ರಾವತಿ

ಮೇಲಿನ ಇಬ್ಬರೂ ಕೆಲಸದ ಕ್ರಮವನ್ನು ಸರಿಯಾಗಿ ಹೇಳಿದ್ದಾರೆ. ಬೀಡಿನ ಒಳಗಿನ ರಚನೆಯ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಅದು ತಿಳಿದಿದ್ದರೆ ಈ ಕ್ರಮಗಳೆಲ್ಲ ಏಕೆ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಎಂಜಿನ್ ಸಿಲಿಂಡರಿನಂಥವು ಬೂದುಬಣ್ಣದ ಬೀಡಿನ ಎರಕಗಳು. ಮುರಿದ ಮುಖ ಬೂದಿಯ ಬಣ್ಣಕ್ಕೆ ಕಾಣುವುದಕ್ಕೆ ಕಾರಣ ಅದರೊಳಗಿನ ಗ್ರಾಫೈಟ್. ಕರಗಿದ ಬೀಡು ಅಚ್ಚಿನಲ್ಲಿ ನಿಧಾನವಾಗಿ ತಣಿಯುವಾಗ, ಸಿಲಿಕಾನ್ ಇರುವುದರಿಂದ, ಇಂಗಾಲದ ಹೆಚ್ಚಿನ ಭಾಗ ತೆಳ್ಳನೆಯ ಚಕ್ಕೆಗಳಾಗಿ ಬೇರ್ಪಡುತ್ತದೆ. ಈ ಚಕ್ಕೆಗಳಿಂದಾಗಿಯೇ ಬೀಡು ನಡುಕವನ್ನು ಹೀರುತ್ತದೆ, ಲೇಥಿನಲ್ಲಿ ಸಲೀಸಾಗಿ ಕಡಿಯುತ್ತದೆ, ಬೋರಿನಲ್ಲಿ ಪಿಸ್ಟನ್ ರಿಂಗಿಗೆ ಜಾರುವ ಮೈ ಕೊಡುತ್ತದೆ. ಎಳೆತದ ವಿಷಯಕ್ಕೆ ಬಂದರೆ ಇದೇ ಚಕ್ಕೆಗಳ ಅಂಚುಗಳು ಬಿರುಕಿಗೆ ಸಿದ್ಧ ದಾರಿಗಳು. ಒತ್ತಡವನ್ನು ಎಳೆತದ ಮೂರು ನಾಲ್ಕು ಪಟ್ಟು ತಾಳುವ ಲೋಹ, ಎಳೆದರೆ ನೂರಕ್ಕೆ ಒಂದರಷ್ಟೂ ಹಿಗ್ಗದೆ ಸೀಳುತ್ತದೆ. ಅಡಿಕೆಯ ಹಸಿ ಹಾಳೆ ಬೇಕಾದಂತೆ ಬಾಗುತ್ತದೆ, ಒಣಗಿದ ಹಾಳೆ ಬಗ್ಗಿಸಿದರೆ ಸೀಳುತ್ತದೆ. ಉಕ್ಕಿಗೂ ಬೀಡಿಗೂ ಇರುವ ವ್ಯತ್ಯಾಸ ಅಂಥದ್ದು.

ವೆಲ್ಡಿಂಗಿನಲ್ಲಿ ಅದೇ ಬೀಡು ಮತ್ತೆ ಕರಗಿ, ಈ ಸಲ ಕ್ಷಣಗಳಲ್ಲಿ ತಣಿಯುತ್ತದೆ. ಇಂಗಾಲಕ್ಕೆ ಚಕ್ಕೆಯಾಗಲು ಸಮಯವೇ ಸಿಗದೆ ಕಬ್ಬಿಣದೊಂದಿಗೆ ಸೇರಿ ಕಾರ್ಬೈಡ್ ಆಗಿ ಉಳಿಯುತ್ತದೆ. ಅದು ಬಿಳಿ ಬೀಡು, ಗಡುಸು ಮತ್ತು ಪೆಡಸು. ನಿಕ್ಕಲ್‌ನ ಉಪಕಾರ ಇಲ್ಲಿಯೇ ಇದೆ. ನಿಕ್ಕಲ್ ಇಂಗಾಲದೊಂದಿಗೆ ಗಟ್ಟಿಯಾದ ಕಾರ್ಬೈಡ್ ಕಟ್ಟುವುದಿಲ್ಲ. ವೆಲ್ಡಿಗೆ ಸೇರಿದ ಇಂಗಾಲ ತಣಿಯುವಾಗ ಗ್ರಾಫೈಟ್ ಆಗಿಯೇ ಹೊರಬೀಳುತ್ತದೆ. ಗ್ರಾಫೈಟ್ ಹೆಚ್ಚು ಜಾಗ ಬೇಡುವುದರಿಂದ ಕುಗ್ಗುವಿಕೆಯೂ ಸ್ವಲ್ಪ ತಗ್ಗುತ್ತದೆ. ಆದರೂ ವೆಲ್ಡಿನ ಅಂಚಿನಲ್ಲಿ ಬೀಡೇ ಕರಗಿದ ಒಂದು ತೆಳು ಪದರ ಇದ್ದೇ ಇರುತ್ತದೆ, ಅದನ್ನು ನಿಕ್ಕಲ್ ಕೂಡ ಪೂರ್ತಿ ತಪ್ಪಿಸಲಾರದು. ಆಂಪ್ಸ್ ಕಡಿಮೆ ಇಡುವುದೂ ಇಂಚಿಂಚು ಹಾಕುವುದೂ ಆ ಪದರವನ್ನು ಆದಷ್ಟು ತೆಳ್ಳಗೆ ಇರಿಸಲು.

ಇದಕ್ಕೆ ಇನ್ನೊಂದು ತುದಿಯ ದಾರಿಯೆಂದರೆ ಇಡೀ ಎರಕವನ್ನೇ ಇದ್ದಿಲ ಬೆಂಕಿಯಲ್ಲಿ 600 ಡಿಗ್ರಿಯವರೆಗೆ ಒಂದೇ ಸಮನೆ ಕಾಯಿಸಿ, ಆ ಬಿಸಿಯಲ್ಲಿಯೇ ಗ್ಯಾಸಿನಿಂದ ಬೀಡಿನ ಕಡ್ಡಿಯನ್ನೇ ಕರಗಿಸಿ ತುಂಬಿ, ಬೂದಿಯಲ್ಲಿ ನಿಧಾನವಾಗಿ ತಣಿಸುವುದು. ಹಾಗೆ ಮಾಡಿದರೆ ಬೆಸುಗೆಯೂ ಮೂಲ ಬೀಡಿನಂತೆಯೇ ಬೂದುಬಣ್ಣದ್ದಾಗುತ್ತದೆ. ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನಲ್ಲಿ ಎರಡು ವಾಲ್ವುಗಳ ನಡುವಿನ ಬಿರುಕಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಆಮೇಲೆ ಎಲ್ಲ ಮುಖಗಳನ್ನೂ ಬೋರನ್ನೂ ಮತ್ತೆ ಮೆಷಿನ್ ಮಾಡಿಸಬೇಕಾಗುತ್ತದೆ, ನಿಮ್ಮ ಒಳ್ಳೆಯ ಬೋರ್ ಉಳಿಯುವುದಿಲ್ಲ. ಎರಡು ದಾರಿಗಳ ನಡುವೆ ನಿಂತು, ಬಿರುಕಿನ ಜಾಗವನ್ನು ಮಾತ್ರ ಕೆಂಪಗೆ ಕಾಯಿಸಿ ವೆಲ್ಡ್ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಸಿಲಿಂಡರ್ ಮೊದಲು ಸೀಳಿದ್ದೂ ಅಂಥ ಒಂದು ಭಾಗ ಬಿಸಿ, ಒಂದು ಭಾಗ ತಂಪು ಎಂಬ ಸ್ಥಿತಿಯಿಂದಲೇ.

ಎಲ್ಲ ಬೀಡೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಊದುಕುಲುಮೆ ಹೊತ್ತಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸುತ್ತಿದ್ದರು. ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ, ಅದರಿಂದ ಬಂದ ಬೀಡಿನಲ್ಲಿಯೂ ಕಡಿಮೆ. ಕಲ್ಲಿದ್ದಲಿನ ಕೋಕಿನಲ್ಲಿ ಕರಗಿಸಿದ ಬೀಡಿನ ಗುಣ ಬೇರೆ. ತೆಳುಗೋಡೆಯವರೆಗೂ ಸಲೀಸಾಗಿ ಹರಿಯಲೆಂದು ರಂಜಕ ಹೆಚ್ಚಿರುವ ಬೀಡಿನಲ್ಲಿ ಎರಕ ಹೊಯ್ದದ್ದೂ ಉಂಟು, ಅಂಥದಕ್ಕೆ ಶುದ್ಧ ನಿಕ್ಕಲ್‌ಗಿಂತ ನಿಕ್ಕಲ್-ಕಬ್ಬಿಣದ ರಾಡ್ ಮೇಲು. ಯಾವ ಬೀಡೆಂದು ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಒಂದು ಸಣ್ಣ ಬಿಂದು ಹಾಕಿಸಿ, ತಣಿದ ಮೇಲೆ ಉಳಿಯಿಂದ ಎಬ್ಬಿಸಿ ನೋಡಿ. ಬೀಡಿನ ಚೂರನ್ನು ಕಿತ್ತುಕೊಂಡು ಬಂದರೆ ಹಿಡಿದಿದೆ, ನುಣ್ಣಗೆ ಕಳಚಿಕೊಂಡರೆ ಹಿಡಿದಿಲ್ಲ.

ಮರುಪ್ರಶ್ನೆ: ಹೊಸನಗರದ ಬೆಳೆಗಾರ

ಮೂವರಿಗೂ ಕೃತಜ್ಞತೆಗಳು. ಹಳೆಯ ವೆಲ್ಡನ್ನು ತೆಗೆಸಿ, ಸೀಮೆಎಣ್ಣೆ ಮತ್ತು ಸೀಮೆಸುಣ್ಣದಿಂದ ನೋಡಿದೆವು. ಬಿರುಕು 100 ಮಿ.ಮೀ.ಗೆ ನಿಂತಿಲ್ಲ, ಸುಮಾರು 130 ಮಿ.ಮೀ. ಇದೆ. ಮೇಲಿನ ತುದಿ ಹೆಡ್ ಕೂರುವ ಮುಖದ ಕಡೆಗೆ, ಹೆಡ್ಡನ್ನು ಬಿಗಿಯುವ ಸ್ಟಡ್ಡಿನ ದಪ್ಪ ಭಾಗದ ಹತ್ತಿರಕ್ಕೆ ಬಾಗಿದೆ. ಗೋಡೆಯ ದಪ್ಪ 8 ಮಿ.ಮೀ. ಆಸುಪಾಸು. ಇಷ್ಟಾದ ಮೇಲೂ ವೆಲ್ಡಿಂಗ್ ಮಾಡಿಸಬಹುದೇ, ಅಥವಾ ಸ್ಕ್ರೂ ಹಾಕಿ ಹೊಲಿಯುವ ಕ್ರಮ ಇದಕ್ಕೆ ಆದೀತೇ?

ಇನ್ನೊಂದು ವಿಷಯ. ಸೀಮೆಸುಣ್ಣ ಕೈಯಲ್ಲಿದ್ದಾಗ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲನ್ನೂ ನೋಡಿದೆವು. ಒಂದು ಸ್ಪೋಕಿನ ಬುಡದಲ್ಲಿ ಸಣ್ಣ ಗೆರೆ ಮೂಡಿದೆ. ಅದನ್ನೂ ಇದೇ ನಿಕ್ಕಲ್ ರಾಡಿನಿಂದ ಮುಚ್ಚಿಸಿಬಿಡಬಹುದೇ?

ಉತ್ತರ: ಲೇಥ್ ಕೆಲಸ, ಶಿವಮೊಗ್ಗ

ಫ್ಲೈವೀಲಿನ ಉತ್ತರ ಮೊದಲು. ಅದಕ್ಕೆ ಯಾವ ವೆಲ್ಡಿಂಗೂ ಬೇಡ, ಬ್ರೇಜಿಂಗೂ ಬೇಡ, ಆ ಚಕ್ರ ಹಾಕಿಕೊಂಡು ಎಂಜಿನ್ ಸ್ಟಾರ್ಟ್ ಮಾಡುವುದೇ ಬೇಡ. 600 ಮಿ.ಮೀ. ವ್ಯಾಸದ ಚಕ್ರ ನಿಮಿಷಕ್ಕೆ 650 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 70 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಇಡೀ ಚಕ್ರ ಸದಾ ಹೊರಕ್ಕೆ ಎಳೆತದಲ್ಲಿಯೇ ಇರುತ್ತದೆ, ಬೀಡಿಗೆ ಆಗದೇ ಇರುವುದು ಅದೇ ಎಳೆತ. ವೆಲ್ಡ್ ಮಾಡಿದ ಸ್ಪೋಕಿನೊಳಗೆ ತಣಿಯುವಾಗಿನ ಎಳೆತವೂ ಕೂಡಿಕೊಳ್ಳುತ್ತದೆ. ಒಡೆದರೆ ಅದರ ಚೂರು ಗೋಡೆ ದಾಟಿ ಹೋಗುತ್ತದೆ. ಈ ಮಾದರಿಯ ಎಂಜಿನ್ನುಗಳ ಹಳೆಯ ಫ್ಲೈವೀಲುಗಳು ಹುಡುಕಿದರೆ ಸಿಗುತ್ತವೆ. ಬಿರುಕಿಲ್ಲದ್ದನ್ನು ಸೀಮೆಸುಣ್ಣ ಹಾಕಿ ಪರೀಕ್ಷಿಸಿಯೇ ತನ್ನಿ. ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್ ಶಾಫ್ಟ್ ಕೂಡ ವೆಲ್ಡ್ ಮಾಡಿಸಿ ಬಳಸುವ ವಸ್ತುಗಳಲ್ಲ.

ಜಾಕೆಟ್ಟಿನ ವಿಷಯದಲ್ಲಿ, ಬಿರುಕು ಸ್ಟಡ್ಡಿನ ಹತ್ತಿರ ಹೋಗಿದೆ ಎಂದ ಮೇಲೆ ನನ್ನ ಸಲಹೆಯನ್ನು ಬದಲಿಸುತ್ತೇನೆ. ತೆಳುಗೋಡೆ ದಪ್ಪ ಭಾಗವನ್ನು ಸೇರುವ ಜಾಗದಲ್ಲಿ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ತಣಿಯುವುದರಿಂದ ಅಲ್ಲಿ ವೆಲ್ಡಿಂಗ್ ನಿಲ್ಲಿಸುವುದು ಬಹಳ ಕಷ್ಟ. ಈ ಗೋಡೆ ಹಿಡಿಯಬೇಕಾದದ್ದು ನೀರನ್ನು ಮಾತ್ರ. ನಿಮ್ಮದು ತೆರೆದ ಡ್ರಮ್ಮಿನಿಂದ ತಾನಾಗಿ ಸುತ್ತುವ ನೀರು. ಡ್ರಮ್ಮಿನ ನೀರಿನ ಮಟ್ಟ ಒಂದೂವರೆ ಮೀಟರ್ ಮೇಲಿದ್ದರೂ ಗೋಡೆಯ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 150 ಗ್ರಾಮಿನಷ್ಟು ಮಾತ್ರ. ಇಷ್ಟು ಅಲ್ಪ ಒತ್ತಡಕ್ಕೆ ಬಿಸಿಯ ಅಪಾಯ ಏಕೆ? ಸ್ಕ್ರೂ ಹೊಲಿಗೆಯೇ ಸರಿ.

ಮಾಡುವ ಕ್ರಮ ಹೀಗೆ. ಬಿರುಕಿನ ಎರಡೂ ತುದಿಗಳಿಂದ ಸ್ವಲ್ಪ ಆಚೆಗೆ ಮೊದಲ ತೂತುಗಳನ್ನು ಕೊರೆಯಬೇಕು. 6 ಮಿ.ಮೀ. ಸ್ಕ್ರೂವಿಗೆ 5 ಮಿ.ಮೀ. ಡ್ರಿಲ್ ಹಾಕಿ, ಟ್ಯಾಪ್ ಮಾಡಿ (ತೂತಿನೊಳಗೆ ಥ್ರೆಡ್ ಕೊರೆದು), ಸೀಲಿಂಗ್ ಪೇಸ್ಟ್ ಹಚ್ಚಿ ಮೆದು ಕಬ್ಬಿಣದ ಅಥವಾ ತಾಮ್ರದ ಥ್ರೆಡ್ ಕಡ್ಡಿಯನ್ನು ಬಿಗಿಯಾಗಿ ತಿರುಗಿಸಿ, ಮೇಲೆ ಒಂದೂವರೆ ಮಿ.ಮೀ. ಬಿಟ್ಟು ಕತ್ತರಿಸಬೇಕು. ಮುಂದಿನ ತೂತು ಹಿಂದಿನ ಸ್ಕ್ರೂವಿನ ಕಾಲುಭಾಗವನ್ನು ಕಚ್ಚಿಕೊಂಡೇ ಬರಬೇಕು. ಹಾಗೆ ಕಚ್ಚಿದಾಗ ಹಿಂದಿನದು ತಿರುಗಿ ಸಡಿಲವಾಗಲು ಆಗುವುದಿಲ್ಲ, ನೀರಿಗೂ ಸಂದು ಸಿಗುವುದಿಲ್ಲ. ನಿಮ್ಮ ಉದ್ದಕ್ಕೆ ಮೂವತ್ತರ ಆಸುಪಾಸಿನಲ್ಲಿ ಸ್ಕ್ರೂ ಬೇಕಾಗುತ್ತವೆ. ಎಲ್ಲವೂ ಕೂತ ಮೇಲೆ ತಲೆಗಳನ್ನು ಗುಂಡು ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಅರದಿಂದ ಮಟ್ಟ ಮಾಡಬೇಕು. ಬೇಸರ ತರುವಷ್ಟು ನಿಧಾನದ ಕೆಲಸ, ಆದರೆ ಎಲ್ಲಿಯೂ ಬಿಸಿ ತಾಗುವುದಿಲ್ಲ, ಬೋರ್ ಇದ್ದಂತೆಯೇ ಇರುತ್ತದೆ. ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಹಳೆಯ ವೆಲ್ಡಿನ ಗಡುಸು ಪದರ ಎಲ್ಲಾದರೂ ಉಳಿದಿದ್ದರೆ ಟ್ಯಾಪ್ ಅಲ್ಲಿ ಮುರಿಯುತ್ತದೆ, ಆದ್ದರಿಂದ ಗ್ರೈಂಡಿಂಗ್ ಪೂರ್ತಿಯಾಗಿದೆಯೇ ಎಂದು ಮೊದಲು ಅರ ಹಾಕಿ ನೋಡಿ. ಅರ ಕಚ್ಚಿದ ಜಾಗದಲ್ಲಿ ಟ್ಯಾಪೂ ಕಚ್ಚುತ್ತದೆ.

ಜೋಡಿಸುವ ಮುನ್ನ ಜಾಕೆಟ್ಟಿನ ಬಾಯಿಗಳನ್ನು ಮುಚ್ಚಿ, ನೀರು ತುಂಬಿ, ಕೈಪಂಪಿನಿಂದ 2 ಕೆ.ಜಿ. ಒತ್ತಡ ಕೊಟ್ಟು ಪರೀಕ್ಷಿಸಿ. ಕಂಪ್ರೆಸರಿನ ಗಾಳಿ ಮಾತ್ರ ಬೇಡ. ಎರಕ ಬಿಟ್ಟುಕೊಂಡರೆ ನೀರು ಚೆಲ್ಲಿ ನಿಲ್ಲುತ್ತದೆ, ಗಾಳಿ ಚೂರುಗಳನ್ನು ಹಾರಿಸುತ್ತದೆ.

ಉತ್ತರ: ಎರಕದ ಕೆಲಸ (ನಿವೃತ್ತ), ಭದ್ರಾವತಿ

ಹೊಲಿಗೆಯ ಸಲಹೆ ಸರಿಯಾಗಿದೆ. ಪರೀಕ್ಷೆಯಲ್ಲಿ ಒಂದೆರಡು ಕಡೆ ತೇವ ಕಂಡರೆ ಗಾಬರಿಯಾಗಬೇಕಿಲ್ಲ. ಬೀಡಿನ ನೀರಿನ ತೊಟ್ಟಿಗಳ ಸಂದಿಗೆ ಹಿಂದೆ ಕಬ್ಬಿಣದ ಅರಪುಡಿಯನ್ನು ಸ್ವಲ್ಪ ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ತುಂಬುತ್ತಿದ್ದರು. ಪುಡಿ ತುಕ್ಕಾಗಿ ಉಬ್ಬಿ ಸಂದನ್ನು ಮುಚ್ಚುತ್ತಿತ್ತು. ಜಿನುಗುವಷ್ಟಕ್ಕೆ ಅದು ಈಗಲೂ ಸಾಕು. ಎಪಾಕ್ಸಿ ಪುಟ್ಟಿಯನ್ನು ಬಿರುಕಿನ ಮೇಲೆ ನೇರವಾಗಿ ಮೆತ್ತಿ ಅದನ್ನೇ ನಂಬುವುದಕ್ಕಿಂತ, ಹೊಲಿಗೆಯ ಮೇಲೆ ತೆಳುವಾಗಿ ಸವರುವುದು ಲೇಸು.

ಉತ್ತರ: ಗ್ಯಾಸ್ ವೆಲ್ಡಿಂಗ್, ತೀರ್ಥಹಳ್ಳಿ

ಪಾದವನ್ನು ಯಾವ ವಿಧಾನದಿಂದ ಕೂಡಿಸಿದರೂ, ಅದು ಮುರಿದ ಕಾರಣವನ್ನು ಸರಿಪಡಿಸದಿದ್ದರೆ ಮತ್ತೆ ಅಲ್ಲಿಯೇ ಮುರಿಯುತ್ತದೆ. ನಮ್ಮ ಕಡೆ ಹಳೆಯ ಎಂಜಿನ್ನುಗಳನ್ನು ಜಂಬಿಟ್ಟಿಗೆಯ ಕಟ್ಟೆಯ ಮೇಲೆ ಮರದ ತೊಲೆ ಹಾಕಿ ಕೂರಿಸಿರುವುದೇ ಹೆಚ್ಚು. ಮಳೆಗಾಲದ ತೇವಕ್ಕೆ ಕಟ್ಟೆಯ ಒಂದು ಮೂಲೆ ಕುಸಿಯುತ್ತದೆ, ತೊಲೆ ಕುಂಬಾಗುತ್ತದೆ. ನಾಲ್ಕು ಪಾದಗಳಲ್ಲಿ ಒಂದು ಗಾಳಿಯಲ್ಲಿ ನಿಂತಿರುತ್ತದೆ. ಅದನ್ನು ನೋಡದೆ ಬೋಲ್ಟ್ ಬಿಗಿದರೆ ಪಾದ ಬಾಗಬೇಕಾಗುತ್ತದೆ, ಬೀಡು ಬಾಗುವುದಿಲ್ಲ.

ದುರಸ್ತಿಯಾದ ಮೇಲೆ ಕಾಂಕ್ರೀಟ್ ಕಟ್ಟೆ ಹಾಕಿಸಿ, ಅದು ಚೆನ್ನಾಗಿ ಬಲಿತ ಮೇಲೆ ಎಂಜಿನ್ ಕೂರಿಸಿ. ನಾಲ್ಕೂ ಬೋಲ್ಟುಗಳನ್ನು ಬಿಗಿದು, ಒಂದೊಂದೇ ಪಾದದ ಮೇಲೆ ಡಯಲ್ ಗೇಜ್ ನಿಲ್ಲಿಸಿ ಆ ಬೋಲ್ಟನ್ನು ಸಡಿಲಿಸಿ ನೋಡಿ. ಪಾದ 0.05 ಮಿ.ಮೀ.ಗಿಂತ ಹೆಚ್ಚು ಎದ್ದರೆ ಅದರ ಕೆಳಗೆ ಸಂದು ಇದೆಯೆಂದು ಅರ್ಥ. ಎದ್ದಷ್ಟೇ ದಪ್ಪದ ಉಕ್ಕಿನ ಶಿಮ್ (ತೆಳು ತಗಡು) ಕೊಟ್ಟು ಮತ್ತೆ ಬಿಗಿಯಿರಿ. ಎಂಜಿನ್ ಲೋಡಿನಲ್ಲಿ ಕೆಲವು ಗಂಟೆ ನಡೆದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಬ್ರೇಜಿಂಗ್ ಮಾಡಿದ ಪಾದಕ್ಕೆ ಆಗಲೇ ಸೀಮೆಸುಣ್ಣವನ್ನೂ ಹಚ್ಚಿ ನೋಡಿ.